ಬರಿಮುಖದ ಕ್ಲೆಮೆಂಟೀನಾ

ಕಾರಿನ ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು ಡಾರೆಲ್ ಮುಖ ಒರೆಸಿಕೊಳ್ಳುತ್ತಿದ್ದ. ಎಷ್ಟು ತಿಕ್ಕಿದರೂ ಬಳಿದುಕೊಂಡ ಬಿಳಿ ಬಣ್ಣ ಹೋಗುತ್ತಿರಲಿಲ್ಲ. ಕಿವಿಯ ಹಿಂದೆ, ಮೂಗಿನ ಮಡಿಕೆಯಲ್ಲಿ, ಹುಬ್ಬಿನ ಬುಡದಲ್ಲಿ ಕೂತುಬಿಟ್ಟಿತ್ತು.

"ನಿನಗೆ ತಲೆ ನೆಟ್ಟಗಿದೆಯೇನೇ?" ಪಕ್ಕದ ಸೀಟಿನಿಂದ ಎಫ್ರಾಯಿನ್ ಕೇಳಿದ. "ಬರೀ ಮುಖದಲ್ಲಿ ಬನ್ನಿ ಅಂತ ಆ ಯಮ್ಮ ಖಡಾಖಂಡಿತ ಹೇಳಿದಾಳೆ. ಹೂಂ ಅಂದು ಬಂದವಳೂ ನೀನೇ. ಈಗ ನೋಡಿದ್ರೆ ಮದುವಣಗಿತ್ತಿ ಥರ ಬಳ್ಕೊಂಡು ಬಂದಿದೀಯ."

"ಕೈ ತಾನೇ ಹೋಯ್ತು ಕಣೇ. ಸಾವಿನ ಮನೆಗೆ ಹೋಗ್ಬೇಕಲ್ಲ ಅಂತ ಕನ್ನಡಿ ಮುಂದೆ ಕೂತೆ. ನೀನು ಕಾರು ಹತ್ತಿ ಕಿರುಚಿದಾಗಲೇ ನೆನಪಾಗಿದ್ದು."

"ಹುಬ್ಬಲ್ಲಿ ಇನ್ನೂ ಇದೆ. ತಲೆಹೊಟ್ಟು ಅಂದುಕೊಳ್ತಾರೆ, ಬಿಡು."

ಅಭ್ಯಾಸ ಅಂಥದು. ಮಿಲ್ವಾಕಿ ಊರಲ್ಲಿ ಸರೋವರದ ಸೋದರಿಯರ ತಂಡ ಅಂದರೆ ಗಂಡಸರೇ. ಗಡ್ಡ ಮೀಸೆ ಇದ್ದವರೇ. ಮೈಗೆ ಸನ್ಯಾಸಿನಿಯರ ಕರಿ ನಿಲುವಂಗಿ, ತಲೆಗೆ ಮುಸುಕು, ಮುಖಕ್ಕೆ ಸುಣ್ಣದಂಥ ಬಿಳಿ, ರೆಪ್ಪೆಗೆ ಮಿಂಚು. ಬಾರುಗಳಲ್ಲಿ ಹೌಸಿ ಆಡಿಸುವುದು, ಪೋಲಿ ಜೋಕು ಹೊಡೆಯುವುದು, ಕಾಣಿಕೆ ಡಬ್ಬಿ ಅಲ್ಲಾಡಿಸುವುದು. ಬಂದದ್ದನ್ನೆಲ್ಲ ತಮ್ಮಂಥವರಿಗೇ ಸುರಿಯುವುದು: ಗಂಡಸು ಗಂಡಸನ್ನು ಪ್ರೀತಿಸಿದ ಅಂತ ಮನೆಯವರು ಹೊರಗೆ ಹಾಕಿದವರಿಗೆ, ಕಾಯಿಲೆ ಬಿದ್ದವರಿಗೆ, ಹೆಣ ಎತ್ತಲು ದಿಕ್ಕಿಲ್ಲದವರಿಗೆ. ಒಬ್ಬರಿಗೊಬ್ಬರು ಎಲ್ಲರೂ ಅಕ್ಕತಂಗಿಯರು. ಸಾವಿಗೆ ಹೋದರೂ ಬಿಳಿ ಬಳಿದೇ ಹೋಗಬೇಕು. ಸತ್ತವಳು ಸೋದರಿಯಾದರೆ ಪೆಟ್ಟಿಗೆ ಮುಚ್ಚುವ ಮುಂಚೆ ಅವಳಿಗೂ ಬಳಿಯಬೇಕು. ಬಳಿಯುವ ಹಕ್ಕು ಅವಳು ಪಳಗಿಸಿದ ತಂಗಿಯದು.

ಇವತ್ತು ಪೆಟ್ಟಿಗೆಯಲ್ಲಿದ್ದವಳು ಸಿಸ್ಟರ್ ಕ್ಲೆಮೆಂಟೀನಾ. ಅವಳು ಪಳಗಿಸಿದ ತಂಗಿ ಡಾರೆಲ್. ಬಿಳಿ ಬಳಿದಾಗ ಅವನ ಹೆಸರು ಸಿಸ್ಟರ್ ಪೆಟೂನಿಯಾ.

ಬಿಳಿಯ ಡಬ್ಬಿ ಕೋಟಿನ ಜೇಬಿನಲ್ಲೇ ಇತ್ತು. ಬಳಿಯುವುದಕ್ಕೆ ಮಾತ್ರ ಅಪ್ಪಣೆ ಇರಲಿಲ್ಲ.

*

ಅಪ್ಪಣೆ ಕೊಡಬೇಕಾದವಳು ಹೆನ್ರಿಯೆಟ್ಟಾ, ಕ್ಲೆಮೆಂಟೀನಾಳ ಒಡಹುಟ್ಟಿದ ನಿಜವಾದ ಅಕ್ಕ. ಹೆಣ ಇಟ್ಟಿದ್ದ ಹಾಲ್‌ನ ಬಾಗಿಲಲ್ಲೇ ನಿಂತಿದ್ದಳು. ಪಕ್ಕದ ಫಲಕದಲ್ಲಿ ನಾರ್ಬರ್ಟ್ ಯಾಬ್ಲೋನ್ಸ್ಕಿ ಎಂದು ಬರೆದಿತ್ತು. ಊರ ಬಸ್ಸಿನ ಡ್ರೈವರ್ ಆಗಿದ್ದ ಕ್ಲೆಮೆಂಟೀನಾಗೆ ಹುಟ್ಟಿದಾಗ ಇಟ್ಟ ಹೆಸರು ಅದು.

"ಬಂದ್ರಾ. ನಾನು ಹೇಳಿದ ಹಾಗೇ ಬಂದಿದೀರಿ. ಸಂತೋಷ," ಅಂದಳು. ಕೆಟ್ಟ ಹೆಂಗಸಲ್ಲ. ಕಣ್ಣು ಊದಿಕೊಂಡಿತ್ತು. "ಇನ್ನೊಂದು ಮಾತೂ ನೆನಪಿರಲಿ. ಆ ಹೆಸರು ಇಲ್ಲಿ ಬೇಡ. ನಮ್ಮ ಪಾದ್ರಿಗಳಿದಾರೆ, ನೆಂಟರಿದಾರೆ."

"ಆಯ್ತಮ್ಮ," ಅಂದ ಡಾರೆಲ್.

ಮೊನ್ನೆ ಅವಳ ಅಡುಗೆಮನೆಯಲ್ಲಿ ಕೂತು ಬಳಿಯಲು ಬಿಡಿ ಅಂತ ಬೇಡಿಕೊಂಡಾಗಲೂ ಹೀಗೇ ಆಗಿತ್ತು. ಅವಳೇನೂ ಬೈಯಲಿಲ್ಲ, ಕಾಫಿ ಬಗ್ಗಿಸಿ ಕೊಟ್ಟಳು. "ನೀವು ಅವನ ಜೊತೆ ಇಷ್ಟು ವರ್ಷ ಇದ್ರಿ. ನಾನು ಕದ ಹಾಕ್ಕೊಂಡು ಕೂತೆ. ತಪ್ಪೋ ಸರಿಯೋ ಆಮೇಲಿನ ಮಾತು. ನನ್ನ ತಮ್ಮನ ಮುಖ ನಂಗೆ ಒಂದು ಸಲ ನೋಡ್ಬೇಕು, ಅಷ್ಟೇ. ಸುಣ್ಣ ಬಳಿದ ಗೋಡೆ ಅಲ್ಲ," ಅಂದಳು. ಡಾರೆಲ್ ಹೂಂ ಅಂದು ಎದ್ದು ಬಂದಿದ್ದ.

ಈಗ ಡಾರೆಲ್ ಪೆಟ್ಟಿಗೆಯ ಹತ್ತಿರ ಹೋದ. ಎಫ್ರಾಯಿನ್ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡ.

"ಗಡ್ಡ ಎಲ್ಲಿ ಹೋಯ್ತೇ?" ಪಿಸುಗುಟ್ಟಿದ.

ಗಡ್ಡ ಬೋಳಿಸಿದ್ದರು. ಎದೆಯವರೆಗೆ ಬಿಟ್ಟಿದ್ದ, ಹೌಸಿ ದಿನಗಳಲ್ಲಿ ಹಳದಿ ರಿಬ್ಬನ್ ಕಟ್ಟುತ್ತಿದ್ದ ಗಡ್ಡ. ಅದಿದ್ದ ಕಡೆ ಈಗ ಪುಟ್ಟದೊಂದು ಗದ್ದ. ಕೆನ್ನೆಗೆ ಗುಲಾಬಿ ಪೌಡರ್, ತಲೆಗೆ ಓರೆ ಬೈತಲೆ, ಕೊರಳಿಗೆ ಟೈ. ಬ್ಯಾಂಕಿನ ಗುಮಾಸ್ತ ಯಾರೋ ಊಟ ಮುಗಿಸಿ ಮಲಗಿದ ಹಾಗಿತ್ತು.

ಹಿಂದಿನಿಂದ ಹೆನ್ರಿಯೆಟ್ಟಾ ಬಂದಳು. "ಅಮ್ಮನ ಪಕ್ಕ ಮಲಗ್ತಾನೆ. ಅಮ್ಮ ಅವನ ಗಡ್ಡ ನೋಡಿರ್ಲೇ ಇಲ್ಲ," ಅಂದು ತಮ್ಮನ ಗದ್ದ ಸವರಿದಳು. "ಈಗ ನೋಡಿ, ನಮ್ಮ ನಾರ್ಬಿ."

ಡಾರೆಲ್ ನೋಡಿದ. ಅವನಿಗೂ ಗುರುತು ಹತ್ತಲಿಲ್ಲ.

*

ಬಹಳ ವರ್ಷಗಳ ಹಿಂದೆ, ಊರಲ್ಲಿ ಏಡ್ಸ್ ಕಾಯಿಲೆ ಹರಡಿದ್ದ ಕಾಲ. ಆಸ್ಪತ್ರೆಯಲ್ಲಿ ಊಟದ ತಟ್ಟೆಯನ್ನು ಬಾಗಿಲ ಹೊರಗೇ ಇಟ್ಟು ಹೋಗುತ್ತಿದ್ದರು. ಕ್ಲೆಮೆಂಟೀನಾ ಆ ತಟ್ಟೆ ಎತ್ತಿಕೊಂಡು, ಕಾಲಲ್ಲಿ ಬಾಗಿಲು ತಳ್ಳಿ, "ಯಾರಪ್ಪಾ ಇಲ್ಲಿ ಪಾಪಿಷ್ಠ, ಎದ್ದೇಳು, ನಿನ್ನ ಹೆಂಡ್ತಿ ಬಂದಿದೀನಿ!" ಅಂತ ಒಳಗೆ ನುಗ್ಗುತ್ತಿದ್ದಳು. ಹಿಂದೆ ಡಾರೆಲ್, ಹೊಸಬ, ಮುಸುಕು ಇನ್ನೂ ಸರಿಯಾಗಿ ಕೂರದವನು.

ಹಾಸಿಗೆಯಲ್ಲಿ ಎಲುಬಿನ ಗೂಡಿನಂಥ ಒಬ್ಬ ಹುಡುಗ. ಹೆಸರು ವೆಂಡೆಲ್. ಕ್ಲೆಮೆಂಟೀನಾ ಅವನ ಹಣೆಗೆ ಮುತ್ತಿಟ್ಟಳು. ಬಿಳಿಯ ಅಚ್ಚು ಬಿತ್ತು. "ಯಾರಾದ್ರೂ ಮುಟ್ಟಿ ಎಷ್ಟು ದಿನ ಆಗಿತ್ತು," ಅಂದ ವೆಂಡೆಲ್. ಡಾರೆಲ್‌ನ ಅಳು ಕಟ್ಟೆಯೊಡೆಯಿತು. ಬಿಳಿ ಕರಗಿ ಕೊರಳಿಗಿಳಿಯಿತು.

ಕ್ಲೆಮೆಂಟೀನಾ ಅವನನ್ನು ಹೊರಗೆ ಎಳೆದು ತಂದು ಗೋಡೆಗೆ ಒತ್ತಿ ನಿಲ್ಲಿಸಿದಳು.

"ಬಳಿದ ಮೇಲೆ ಅಳೋ ಹಾಗಿಲ್ಲ ಕಣೇ! ಇದನ್ನ ಯಾಕೆ ಬಳ್ಕೊಳ್ಳೋದು ಅಂದ್ಕೊಂಡಿದೀಯ? ಚಂದಕ್ಕಾ? ನಮ್ಮ ದುಃಖ ಅವರಿಗೆ ಕಾಣ್ಬಾರ್ದು. ಅವರದ್ದೇ ಅವರಿಗೆ ಸಾಕಾಗಿದೆ. ಒರೆಸ್ಕೊ. ಮತ್ತೆ ಬಳ್ಕೊ. ಒಳಗೆ ಬಾ."

ಆ ವಾರ್ಡಿನಲ್ಲಿ ಬದುಕಿ ಉಳಿದವನು ವೆಂಡೆಲ್ ಒಬ್ಬನೇ. ಮುಂದೆ ಒಳ್ಳೆಯ ಮಾತ್ರೆಗಳು ಬಂದವು. ಕ್ಲೆಮೆಂಟೀನಾ ಮಾತ್ರ ಅವನನ್ನು ನೋಡಲು ಹೋಗುವುದು ಬಿಡಲಿಲ್ಲ. ಶುಕ್ರವಾರ ಬಂತೆಂದರೆ ಬಿಳಿ ಬಳಿದು, ಮುಸುಕು ಹಾಕಿ, ಕರಿದ ಮೀನು, ರೈ ಬ್ರೆಡ್ಡು ಕಟ್ಟಿಸಿಕೊಂಡು ಅವನ ಒಂಟಿ ಕೋಣೆಯ ಬಾಗಿಲು ಬಡಿಯುವಳು. ಒಮ್ಮೊಮ್ಮೆ ಜೊತೆಗೆ ಡಾರೆಲ್, ಅವನೂ ಬಿಳಿ ಬಳಿದೇ. ತನಗೇ ಉಸಿರು ಸಾಲದೆ ಬಂದಾಗಲೂ ಮೆಟ್ಟಿಲ ಮೇಲೆ ಕೂತು ಕೂತು ಹತ್ತಿದಳು.

ಕೊನೆಗೆ ತಾನೇ ಹಾಸಿಗೆ ಹಿಡಿದಾಗ ಡಾರೆಲ್‌ನ ಕೈ ಹಿಡಿದು ಹೇಳಿದಳು: "ನನ್ನ ಬರೀ ಮುಖದಲ್ಲಿ ಕಳಿಸ್ಬೇಡ ಕಣೇ. ಬಸ್ ಡ್ರೈವರ್ ನಾರ್ಬರ್ಟ್ ಸತ್ತ ಅಂದ್ರೆ ಯಾರಿಗೆ ಗೊತ್ತಾಗುತ್ತೆ?"

"ಹುಚ್ಚಿ. ನಾನಿಲ್ವಾ?" ಅಂದಿದ್ದ ಡಾರೆಲ್.

*

ಪಾದ್ರಿ ಪ್ರಾರ್ಥನೆ ಶುರು ಮಾಡುವ ಹೊತ್ತಿಗೆ ಬಾಗಿಲಲ್ಲಿ ನೀಲಿ ಟೋಪಿಯ ಮುದುಕನೊಬ್ಬ ಕಾಣಿಸಿದ. ಕೈಯಲ್ಲಿ ಹಳದಿ ಹೂವಿನ ಕಟ್ಟು. ಕೋಲೂರಿಕೊಂಡು ನೆಟ್ಟಗೆ ಪೆಟ್ಟಿಗೆಯ ಹತ್ತಿರ ಬಂದ.

ವೆಂಡೆಲ್. ಹೂವನ್ನು ಪೆಟ್ಟಿಗೆಯೊಳಗೆ ಇಡಲು ಬಗ್ಗಿದವನು ಅಲ್ಲೇ ನಿಂತ. ಗುಲಾಬಿ ಕೆನ್ನೆ ನೋಡಿದ, ಟೈ ನೋಡಿದ. ಹೂವನ್ನು ಮತ್ತೆ ಎದೆಗೆ ಒತ್ತಿಕೊಂಡ. ಸುತ್ತ ಕಣ್ಣಾಡಿಸಿದ. ಡಾರೆಲ್‌ನ ಮುಖವನ್ನು ಒಂದು ಕಂಬವನ್ನು ದಾಟುವ ಹಾಗೆ ದಾಟಿ, ಮತ್ತೆ ಅವನನ್ನೇ ಕೇಳಿದ:

"ಕ್ಷಮಿಸಿ ಸಾರ್. ಇದು ಬೇರೆ ಯಾರದ್ದೋ ಇರ್ಬೇಕು. ನಾನು ಒಬ್ಬ ಸಿಸ್ಟರನ್ನ ನೋಡಕ್ಕೆ ಬಂದೆ."

ಹೆನ್ರಿಯೆಟ್ಟಾ ಪಕ್ಕದಲ್ಲೇ ಇದ್ದಳು. ಡಾರೆಲ್‌ನ ಕಡೆ ನೋಡಿದಳು. ಕೊಟ್ಟ ಮಾತಿಗೆ ಕಟ್ಟುಬಿದ್ದು ಅವನು ಜೇಬಿನ ಡಬ್ಬಿಯನ್ನು ಅಮುಕಿ ಹಿಡಿದ.

"ಪಕ್ಕದ ಹಾಲ್‌ನಲ್ಲಿ ಒಬ್ಬ ಹೆಂಗಸಿನ ಹೆಣ ಇಟ್ಟಿದಾರೆ, ಅಲ್ಲಿ ನೋಡಿ," ಅಂದಳು ಹೆನ್ರಿಯೆಟ್ಟಾ, ಮೆಲ್ಲಗೆ.

"ಥ್ಯಾಂಕ್ಸ್ ತಾಯಿ. ನಿಮ್ಮವರಿಗೆ ಶಾಂತಿ ಸಿಗಲಿ."

ಕೋಲಿನ ಸದ್ದು ದೂರವಾಯಿತು. ಎಫ್ರಾಯಿನ್ ಡಾರೆಲ್‌ನ ಪಕ್ಕೆಗೆ ತಿವಿದ. "ಹೋಗೇ. ಹೋಗಿ ಹೇಳೇ. ಕಲ್ಲಿನ ಹಾಗೆ ನಿಂತಿದೀಯಲ್ಲ!"

ಪೆಟ್ಟಿಗೆಯ ಮುಚ್ಚಳ ಇಳಿಯುತ್ತಿದ್ದಾಗ ಡಾರೆಲ್ ಹೊರಗೆ ಓಡಿದ.

*

ವೆಂಡೆಲ್ ಎದುರಿನ ಬಸ್ ನಿಲ್ದಾಣದ ಗಾಜಿನ ಮರೆಯಲ್ಲಿ ಕೂತಿದ್ದ. ಸರೋವರದ ಕಡೆಯಿಂದ ಚಳಿಗಾಳಿ ಕೊಯ್ಯುತ್ತಿತ್ತು.

"ವೆಂಡೆಲ್! ಅದು ಅವಳೇ ಕಣಪ್ಪ. ಕ್ಲೆಮೆಂಟೀನಾನೇ. ನಾನು ಪೆಟೂನಿಯಾ."

ವೆಂಡೆಲ್ ಮೇಲಿಂದ ಕೆಳಗೆ ನೋಡಿದ. ಎದುರಿಗೆ ಬೋಳುತಲೆಯ, ಜೋತ ಕೆನ್ನೆಯ, ಏದುಸಿರು ಬಿಡುವ ಒಬ್ಬ ಮುದುಕ. ಬಿಳಿ ಬಳಿದಾಗ ಬರುವ ಆ ಗಟ್ಟಿ ದನಿಯೂ ಬರೀ ಮುಖಕ್ಕೆ ಬಂದಿರಲಿಲ್ಲ.

"ಹೋಗಪ್ಪ, ಸಾವಿನ ದಿನ ತಮಾಷೆ ಮಾಡ್ಬೇಡ. ಪೆಟೂನಿಯಾ ನಿನ್ನಷ್ಟು ಮುದುಕಿ ಅಲ್ಲ. ಆ ಟೈ ಕಟ್ಟಿದವನು ಯಾರೋ, ನಂಗೆ ಕ್ಲೆಮೆಂಟೀನಾ ಗೊತ್ತಿಲ್ವಾ? ಇಲ್ಲೇ ಇಟ್ಟಿದಾರೆ ಅಂತ ಬಾರ್‌ನವನು ಹೇಳಿದ. ಎರಡು ಬಸ್ ಹತ್ತಿ ಬಂದೆ. ಆ ಕಡೆ ಹಾಲ್‌ನಲ್ಲೂ ಅವಳಿಲ್ಲ, ಯಾರೋ ಅಜ್ಜಿ. ಅವಳನ್ನ ಎಲ್ಲಿಗೆ ತಗೊಂಡ್ ಹೋದ್ರೋ."

ಡಾರೆಲ್ ಜೇಬಿನಿಂದ ಡಬ್ಬಿ ತೆಗೆದ. ನಿಲ್ದಾಣದ ಗಾಜನ್ನೇ ಕನ್ನಡಿ ಮಾಡಿಕೊಂಡು, ಚಳಿಗೆ ಮರಗಟ್ಟಿದ ಬೆರಳಿನಿಂದ ಬಳಿಯತೊಡಗಿದ. ಹಣೆ, ಎಡಗಣ್ಣಿನ ಸುತ್ತ, ಎಡಗೆನ್ನೆ. ಎಂದೂ ಅಷ್ಟು ಅವಸರದಲ್ಲಿ ಬಳಿದವನಲ್ಲ.

"ಅಯ್ಯೋ, ಸಿಸ್ಟರ್!" ವೆಂಡೆಲ್ ಎದ್ದು ನಿಂತ. ಮುಖ ಅರಳಿತು. "ನೀವೇನಾ! ಈಗ ಸರಿಹೋಯ್ತು. ಬನ್ನಿ, ಅವಳ ಹತ್ರ ಕರ್ಕೊಂಡ್ ಹೋಗಿ."

ಗಾಜಿನಲ್ಲಿ ತನ್ನ ಅರೆಬಿಳಿ ಮುಖದ ಹಿಂದೆ ಹೆಣದ ಕಪ್ಪು ಗಾಡಿ ಹೊರಳುವುದು ಡಾರೆಲ್‌ಗೆ ಕಂಡಿತು. ಅದು ನಿಧಾನವಾಗಿ ನಿಲ್ದಾಣದ ಮುಂದೆಯೇ ಬಂತು. ಮುಂದಿನ ಸೀಟಿನಲ್ಲಿ ಹೆನ್ರಿಯೆಟ್ಟಾ ತಲೆ ಬಗ್ಗಿಸಿ ಕೂತಿದ್ದಳು.

ವೆಂಡೆಲ್ ಗಾಡಿಯ ಕಡೆ ತಿರುಗಿದ. ದಾರಿಯಲ್ಲಿ ಯಾರ ಹೆಣ ಹೋದರೂ ತೆಗೆಯುವ ಹಾಗೆ ಟೋಪಿ ತೆಗೆದು, ಅದು ದಾಟುವವರೆಗೆ ನಿಂತ. ಟೋಪಿ ಮತ್ತೆ ಹಾಕಿಕೊಂಡು ಹೂವಿನ ಕಟ್ಟನ್ನು ಸರಿಮಾಡಿಕೊಂಡ.

"ಪಾಪ, ಯಾರ ಮಗನೋ," ಅಂದ. "ನಮ್ಮವಳದ್ದು ಎಷ್ಟೊತ್ತಿಗೆ, ಸಿಸ್ಟರ್?"

ಡಾರೆಲ್ ಗಾಜಿಗೇ ಮುಖ ಕೊಟ್ಟು, ಉಳಿದ ಅರ್ಧಕ್ಕೆ ಬಿಳಿ ಒತ್ತುತ್ತಿದ್ದ. ಡಬ್ಬಿಯ ತಳಕ್ಕೆ ಬೆರಳು ಹಾಕಿ ಕೆರೆದು ಕೆರೆದು ಒತ್ತಿದ. ಒದ್ದೆ ಕೆನ್ನೆಗೆ ಅದು ಹತ್ತಲೇ ಇಲ್ಲ.