ಧೂಳಪ್ಪ ಮುತ್ಯಾನ ಬಿಲ್ಲೆ

"ಮುಖಾ ನೋಡಬ್ಯಾಡ್ರಿ. ಮುಖಾ ಯಾರರೆ ಮಾಡತಾರ. ಬೆನ್ನ ನೋಡ್ರಿ," ಎಂದು ರಾಮಚಂದ್ರ ಮಾಸ್ತರರು ಬಿಲ್ಲೆಯನ್ನು ಮಗುಚಿ ಹಾಕಿ, ಭೂತಗನ್ನಡಿಯನ್ನು ರಾಜೇಶ್ವರಿಯ ಕೈಗೆ ಕೊಟ್ಟರು.

ರಾಜೇಶ್ವರಿ ನೋಡಿದಳು. ಗಾಜಿನೊಳಗೆ ಮೊದಲು ಕಂಡದ್ದು ಅವಳದೇ ಹೆಬ್ಬೆರಳು. ಉಗುರಿನ ಸಂದಿಯಲ್ಲಿ ಬೆಳಿಗ್ಗೆ ರೊಟ್ಟಿ ಬಡಿದ ಹಿಟ್ಟು ಹಾಗೇ ಒಣಗಿ ಕೂತಿತ್ತು. ಆಮೇಲೆ ಬಿಲ್ಲೆಯ ಬೆನ್ನು ಕಂಡಿತು. ಅದರಲ್ಲಿ ಏನು ನೋಡಬೇಕೋ ತಿಳಿಯದೆ ಸುಮ್ಮನೆ ನೋಡುತ್ತಾ ಕೂತಳು.

ಬಸವನ ಬಾಗೇವಾಡಿಯ ಆ ಪಡಸಾಲೆಯ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಎರಡು ಬಿಲ್ಲೆ ಇಟ್ಟಿದ್ದರು. ಎರಡೂ ಸಿಪಾಯಿಗಳು ಟೊಪ್ಪಿಗೆಗೆ ಸಿಕ್ಕಿಸುವಂಥವು. ಎರಡರಲ್ಲೂ ಒಂದು ಕಹಳೆ, ಮೇಲೊಂದು ರಾಜನ ಕಿರೀಟ. ಒಂದು ಮಾಸ್ತರರದು, ಇನ್ನೊಂದು ರಾಜೇಶ್ವರಿ ಗೊಳಸಂಗಿಯಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು. ಹೈಸ್ಕೂಲಿನಿಂದ ನಿವೃತ್ತರಾದ ಮಾಸ್ತರರಿಗೆ ಹಳೆಯ ಪಲಟನ್ನುಗಳ ಬಿಲ್ಲೆ ಕೂಡಿಡುವ ಹುಚ್ಚು. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಎಲ್ಲಿ ಯಾರ ಮನೆಯ ಸಂದೂಕದಲ್ಲಿ ಏನು ಸಿಕ್ಕರೂ ಜನ ಅವರ ಹತ್ತಿರವೇ ತರುತ್ತಿದ್ದರು.

"ಇದು ಹೊರ್ತಿ ಕಡೆ ಒಬ್ಬ ಸಿಪಾಯೀದು, ಅಸಲು," ಎಂದರು ಮಾಸ್ತರರು. "ಹಿತ್ತಾಳಿ ತಗಡನ್ನ ಉಕ್ಕಿನ ಅಚ್ಚಿನೊಳಗ ಒತ್ತಿ ತಗದದ್ದು. ಅದಕ್ಕ ಮುಂದ ಉಬ್ಬು ಇದ್ದಲ್ಲಿ ಹಿಂದ ತಗ್ಗು ಬಂದದ. ನಿಮ್ಮದರ ಬೆನ್ನು ನೋಡ್ರಿ, ಸಪಾಟ ಅದ. ಸೂಜಿ ಚುಚ್ಚಿದಂಗ ಸಣ್ಣ ತೂತು ಕಾಣತಾವಲ್ಲ, ಕರಗಿಸಿ ಹೊಯ್ದ ಲೋಹದಾಗ ಗಾಳಿ ಸಿಕ್ಕೊಂಡ್ರ ಹಂಗಾಗತದ. ಟೊಪ್ಪಿಗಿಗೆ ಸಿಗಿಸೋ ಈ ಕಿವಿ ಬೆಸದದ್ದಲ್ಲ, ಮೈಯೊಳಗ ಕೂಡೇ ಎರಕ ಆಗ್ಯಾವ. ಬಣ್ಣಾನೂ ಬ್ಯಾರೆ. ಹಿತ್ತಾಳಿ ಇಷ್ಟು ಬೆಳ್ಳಗ ಇರೂದಿಲ್ಲ."

"ಹೂಂರಿ. ಹಂಗಂದ್ರ?" ಕೇಳಬೇಕಲ್ಲ ಎಂದು ಕೇಳಿದಳು.

"ಹಂಗಂದ್ರ ಅಸಲಲ್ಲ ತಾಯಿ. ನಕಲಿ."

ಇಂಥ ಮಾತು ಕೇಳಿದವರಿಗೆ ಎದೆ ಧಸಕ್ಕೆನ್ನಬೇಕು. ರಾಜೇಶ್ವರಿಗೆ ಏನೂ ಆಗಲಿಲ್ಲ. ಗಂಡ ಅನಿಲಕುಮಾರ ತನ್ನ ಮೋಟಾರು ರಿಪೇರಿ ಅಂಗಡಿಯಲ್ಲಿ, ಕೈಯಲ್ಲಿ ತಾಮ್ರದ ತಂತಿಯ ಸುರುಳಿ ಹಿಡಿದುಕೊಂಡೇ ಬಿದ್ದು ಸತ್ತ ಮೂರು ತಿಂಗಳಿಂದ ಅವಳಿಗೆ ಯಾವುದೂ ಒಳಗೆ ಇಳಿಯುತ್ತಿರಲಿಲ್ಲ. ಬಡಿಸಿದರೆ ಉಣ್ಣುವಳು, ಕರೆದರೆ ಏಳುವಳು, ಎಲ್ಲದಕ್ಕೂ ಹೂಂ ಎನ್ನುವಳು. ಮಣ್ಣು ಮಾಡಿ ಬಂದ ದಿನ ಕೂಡ ಅವಳ ಕಣ್ಣಲ್ಲಿ ಹನಿ ನೀರು ಬರಲಿಲ್ಲ. ಗಟ್ಟಿಗಿತ್ತಿ ಎಂದರು ಕೆಲವರು, ಎಂಥಾ ಕಲ್ಲೆದಿ ಅಂತೀನಿ ಎಂದರು ಕೆಲವರು. ಊರಿಗೇನು, ಎರಡೂ ಬಾಯಿ ಅದರವೇ.

"ಒಂದು ಮಾತು ಮಾತ್ರ ನನಗ ಬಗೀ ಹರೀವಲ್ದು," ಎಂದು ಮಾಸ್ತರರು ಮತ್ತೆ ಭೂತಗನ್ನಡಿ ಹಿಡಿದರು. "ಸಂತ್ಯಾಗ ಮಾರಲಿಕ್ಕೆ ಮಾಡಿದ ಮಾಲು ಹೊಸಾದಿರತದ. ಹಳೇದು ಕಾಣಲಿ ಅಂತ ಅದಕ್ಕ ಆಸಿಡ್ ಹಚ್ಚತಾರ, ಮಣ್ಣಾಗ ಹುಗೀತಾರ. ಇದಕ್ಕ ಅದ್ಯಾವುದೂ ಮಾಡಿಲ್ಲ. ಆದ್ರ ಈ ಕಿರೀಟದ ತುದಿ ನೋಡ್ರಿ, ಹುಟ್ಟತಾನೇ ಸವದಂಗ ಅದ. ಇರಲಿ ಬಿಡ್ರಿ. ಇವತ್ತ ನಿಮ್ಮೂರ ಪಂಚಾಯ್ತಿ ರೇವಣಪ್ಪಗ ನಾ ಹೇಳಬೇಕಾಗತದ. ಸುಳ್ಳು ಹೇಳಲಿಕ್ಕೆ ನನಗ ಬರೂದಿಲ್ಲ ನೋಡ್ರಿ."

"ಖರೇನ ಹೇಳ್ರಿ ಸರ್," ಎಂದು ರಾಜೇಶ್ವರಿ ಎದ್ದಳು.

ಮಾಸ್ತರರ ಹೆಂಡತಿ ನಲಿನಿಬಾಯಿ, ಹೆಣ್ಣುಮಗಳು ಹೊರಟಳೆಂದು ಅಭ್ಯಾಸಬಲದಿಂದ ಕುಂಕುಮದ ಬಟ್ಟಲು ಹಿಡಿದು ಬಂದವರು, ಇವಳ ಬರಿಗೊರಳು ನೋಡಿ ಹೊಸ್ತಿಲಲ್ಲೇ ಗಕ್ಕನೆ ನಿಂತರು. ಪಾಪ, ಅವರ ಮುಖ ಬಾಡಿಹೋಯಿತು. ಒಳಗೆ ಹೋಗಿ ಎರಡು ಬಾಳೆಹಣ್ಣು ತಂದು ಕೈಯಲ್ಲಿಟ್ಟರು. "ಇರಲಿ ಬಿಡ್ರಿ ಬಾಯಾರ," ಎಂದಳು ರಾಜೇಶ್ವರಿ. ಸಮಾಧಾನ ಬೇಕಾಗಿದ್ದದ್ದು ಅವರಿಗೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಗರಿ ಹೊಲಗಳು ಹಿಂದೆ ಹಿಂದೆ ಹೋದವು. ಬಿಲ್ಲೆ ಸೆರಗಿನ ಗಂಟಿನಲ್ಲಿ ತೊಡೆಗೆ ಒತ್ತುತ್ತಿತ್ತು.

ಆ ಬಿಲ್ಲೆ ಅನಿಲಕುಮಾರನ ಮುತ್ಯಾ ಧೂಳಪ್ಪನದು. ಇಂಗ್ಲೀಷರ ಕಾಲದ ದೊಡ್ಡ ಯುದ್ಧಕ್ಕೆ ಹೋಗಿ ಬಂದ ಮನುಷ್ಯ. ಅವನ ಕಾಗದಪತ್ರವನ್ನೆಲ್ಲ ಗೆದ್ದಲು ತಿಂದು, ಉಳಿದದ್ದು ಇದೊಂದೇ. ಊರವರಲ್ಲಿ ಕೆಲವರಿಗೆ ಅದನ್ನೂ ಸಹಿಸಲಾಗಲಿಲ್ಲ. ಧೂಳಪ್ಪ ಯುದ್ಧಕ್ಕೆ ಹೋಗೇ ಇಲ್ಲ, ಸೊಲ್ಲಾಪುರದ ಮಿಲ್ಲಿನಲ್ಲಿ ನೂಲು ಸುತ್ತಿ, ಬರುವಾಗ ಬಜಾರದಲ್ಲಿ ಬಿಲ್ಲೆ ಕೊಂಡು ತಂದ ಎಂದು ಹಬ್ಬಿಸಿಬಿಟ್ಟರು. ಹೊಲದ ಬದುವಿಗೆ ಜಗಳವಾಗಲಿ, ಮದುವೆಯ ಪಂಕ್ತಿಯಲ್ಲಿ ಮಾತಿಗೆ ಮಾತು ಬೆಳೆಯಲಿ, ಕಡೆಗೆ ಒಬ್ಬ ಅಂದೇ ಅನ್ನುವನು: "ಹೋಗಲೇ, ಮಿಲ್ಲಿನ ಸಿಪಾಯಿ ಮೊಮ್ಮಗನ!" ಅನಿಲಕುಮಾರ ಆ ದಿನ ಊಟ ಬಿಡುವನು.

ಯುದ್ಧಕ್ಕೆ ಹೋದವರ ಹೆಸರು ಕೆತ್ತಿಸಿ ಚಾವಡಿಯ ಮುಂದೆ ಕಲ್ಲು ನಿಲ್ಲಿಸೋಣ ಎಂದು ಪಂಚಾಯಿತಿಯ ಬೆನ್ನು ಹತ್ತಿದವನೂ ಅವನೇ. ಕಲ್ಲೇನೋ ಮಂಜೂರಾಯಿತು. ಧೂಳಪ್ಪನ ಹೆಸರಿಗೆ ಬಂದಾಗ ತಕರಾರು ಎದ್ದಿತು. ಬಾಗೇವಾಡಿಯ ಮಾಸ್ತರರು ಬಿಲ್ಲೆ ನೋಡಿ ಅಸಲು ಎಂದರೆ ಸೈ ಎಂದು ಪಂಚಾಯಿತಿ ಸದಸ್ಯ ರೇವಣಪ್ಪ ತೀರ್ಮಾನ ಕೊಟ್ಟ. "ಮುತ್ಯಾನ ಹೆಸರ ಆ ಕಲ್ಲಿನ ಮ್ಯಾಲ ಕುಂತಿತಂದ್ರ ನಾ ಗೆದ್ದಂಗ ನೋಡ," ಎಂದು ಚಹಾ ಕುಡಿಯುತ್ತಾ ಹೆಂಡತಿಗೆ ಹೇಳಿ ಅಂಗಡಿಗೆ ಹೋದ ಅನಿಲಕುಮಾರ ತಿರುಗಿ ಬರಲಿಲ್ಲ. ಅವನಿಗಾಗಿ ಮಾಡುವುದೆಂದು ರಾಜೇಶ್ವರಿಯ ಪಾಲಿಗೆ ಉಳಿದಿದ್ದ ಕೆಲಸ ಇದೊಂದೇ. ಈಗ ಅದೂ ಮುಗಿಯಿತಲ್ಲ ಎಂದುಕೊಂಡಳು. ಎಂದುಕೊಂಡರೂ ದುಃಖ ಬರಲಿಲ್ಲ. ಕಂಡಕ್ಟರ್ ಗೊಳಸಂಗಿ ಎಂದು ಕೂಗಿದ, ಇಳಿದಳು.

ಮನೆಯಲ್ಲಿ ಅತ್ತೆ ಚನ್ನವ್ವ ನಾಳಿನ ತಯಾರಿಯಲ್ಲಿದ್ದಳು. ನಾಳೆ ಅಮಾವಾಸ್ಯೆ, ಹಿರಿಯರ ಪೂಜೆ. ಸತ್ತವರ ಹೆಸರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುವ ದಿನ. ವರ್ಷ ತುಂಬದ ಮನೆಯಲ್ಲಿ ಹಬ್ಬ ಮಾಡಬಾರದು, ಆದರೆ ಹಿರಿಯರನ್ನು ಉಪವಾಸ ಇಡುವುದುಂಟೆ? ಪ್ರತಿವರ್ಷ ಹೊಸ ರುಮಾಲು ಸುತ್ತಿ, ಅದರ ನೆತ್ತಿಗೆ ಬಿಲ್ಲೆ ಸಿಕ್ಕಿಸಿ ಜಗಲಿಯ ಮೇಲೆ ಕೂರಿಸಿದರೆ ಅದೇ ಧೂಳಪ್ಪ ಮುತ್ಯಾ. ಈ ವರ್ಷ ಆ ರುಮಾಲಿನ ಪಕ್ಕ ಅನಿಲಕುಮಾರನ ಹೆಸರಿನ ಹೊಸ ಅಂಗಿಯೂ ಬಂದಿತ್ತು.

"ಏನಂದ್ರವಾ ಮಾಸ್ತರ್ರು?" ಎಂದು ಚನ್ನವ್ವ ಕೂತಲ್ಲಿಂದಲೇ ಕೇಳಿದಳು.

"ನಕಲಿ ಅಂದ್ರು ಅತ್ತಿ. ಅಚ್ಚಿನ್ಯಾಗ ಒತ್ತಿದ್ದಲ್ಲಂತ. ಕರಗಿಸಿ ಹೊಯ್ದದ್ದಂತ."

"ಹೌದಲ್ಲ. ಪತ್ತಾರ ಹೊಯ್ದದ್ದ ಅದು."

ರಾಜೇಶ್ವರಿ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಚನ್ನವ್ವನ ಮುಖದಲ್ಲಿ ಗಾಬರಿಯೂ ಇಲ್ಲ, ಗುಟ್ಟು ಬಯಲಾಯಿತೆಂಬ ಅಳುಕೂ ಇಲ್ಲ.

"ನೀ ಈ ಮನಿಗೆ ಬರೂಕಿಂತ ಮೊದಲಿನ ಮಾತ. ಜಗಲಿ ಮ್ಯಾಲಿನ ದೇವ್ರೆಲ್ಲಾ ತಿಕ್ಕಿ ತಿಕ್ಕಿ ಕಣ್ಣ ಮೂಗ ಇಲ್ದಂಗ ಸವದಿದ್ವು. ಸವದ ದೇವ್ರನ್ನ ಪೂಜಿ ಮಾಡಬಾರದಂತಾರಲ್ಲ, ನನ್ನ ತವರೂರ ನಾಲತವಾಡದ ಪತ್ತಾರಗ ಒಯ್ದ ಕೊಟ್ಟೆ, ಕರಗಿಸಿ ಹೊಸಾವ ಮಾಡಿ ಕೊಡಪಾ ಅಂತ. ಮುತ್ಯಾನ ಬಿಲ್ಲೀನೂ ಹಂಗ ಸವದಿತ್ತು. ದೇವ್ರನ್ನ ಹೊಸಾ ಮಾಡಿ ಹಿರ್ಯಾನ್ನ ಬಿಟ್ರ ನಡೀತೈತೇನು? ಅದನ್ನೂ ಕೊಟ್ಟೆ. ಅದ್ರ ಮಾರೀನ ಮಣ್ಣಾಗ ಒತ್ತಿ ಅಚ್ಚ ತಗೊಂಡ. ಅದನ್ನ ಕರಗಿಸಿ, ಅದ್ರಾಗ ಹೊಯ್ದ. ಎಲ್ಲಾ ಅದ ಹಿತ್ತಾಳಿ."

"ನಮ್ಮ ಮನಿಯವರಿಗೆ ಯಾಕ ಹೇಳಲಿಲ್ಲ ಅತ್ತಿ?"

"ಅಂವಾ ಆವಾಗ ಬಿಜಾಪುರದಾಗ ಕಲಿಯಾಕತ್ತಿದ್ದ. ಇದೇನ ಹೇಳೂ ಮಾತಾ? ಜಗಲಿ ಮ್ಯಾಲಿನ ಬಸವಣ್ಣ ಹಳೇದೋ ಹೊಸಾದೋ ಅಂತ ಯಾರರೆ ಕೇಳತಾರೇನು?" ಎಂದು ಚನ್ನವ್ವ ಹುಣಸೆಹಣ್ಣು ನೆನೆಹಾಕಲು ಎದ್ದುಹೋದಳು.

ರಾಜೇಶ್ವರಿ ಮಾಸ್ತರರಿಗೆ ಫೋನು ಹಚ್ಚಿದಳು. ಅತ್ತೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

"ಅಯ್ಯ ದೇವರ," ಎಂದರು ಮಾಸ್ತರರು. "ಹಂಗಾದ್ರ ಆ ಸವಕಳಿ ಅಸಲಿಂದು. ಸವದದ್ದನ್ನ ಸವದಂಗೇ ಎತ್ಯಾನ ಅಂವಾ. ನಾ ನಂಬತೀನಿ ತಾಯಿ, ಪೂರಾ ನಂಬತೀನಿ. ಆದ್ರ ಏನ ಮಾಡ್ಲಿ, ಅಸಲು ಅನ್ನೂದು ಕರಗಿಹೋತು. ಇದನ್ನ ಅಸಲು ಅಂತ ನನ್ನ ಬಾಯಿಲೆ ಅನ್ನಲಿಕ್ಕೆ ಬರೂದಿಲ್ಲ. ನೀವಂದದ್ದನ್ನೂ ರೇವಣಪ್ಪನ ಕಿವೀಗೆ ಹಾಕತೀನಿ." ಫೋನು ಇಡುವ ಮೊದಲು ಮತ್ತೆ ಕೇಳಿದರು, "ಎಲ್ಲಾ ಹಿತ್ತಾಳೀನ ಆದ್ರ ಅಷ್ಟು ಬೆಳ್ಳಗ ಯಾಕದ ಅದು?"

"ಗೊತ್ತಿಲ್ರಿ," ಎಂದಳು ರಾಜೇಶ್ವರಿ.

ರೇವಣಪ್ಪ ಮರುದಿನ ಬೆಳಿಗ್ಗೆಯೇ ಬಂದ. ಕೆಟ್ಟ ಮನುಷ್ಯನೇನಲ್ಲ, ಅನಿಲಕುಮಾರನ ಜೊತೆ ಸಾಲಿ ಕಲಿತವನು. ಹೊಸ್ತಿಲಾಚೆಯೇ ನಿಂತು ಚಪ್ಪಲಿಯ ತುದಿಯಿಂದ ನೆಲ ಕೆದರಿದ.

"ವೈನಿ, ಮಾಸ್ತರ್ರು ಎರಡೂ ಹೇಳ್ಯಾರ್ರಿ. ನನ್ನ ಕೇಳಿದ್ರ ನನಗ ಖರೇನ ಅನಸ್ತೈತಿ. ಮಂದಿ ಕೇಳಬೇಕಲ್ರಿ? ಬಿಲ್ಲೀನ ದೇವ್ರ ಸಂಗಾಟ ಕರಗಿಸಿದ್ರಂತ ಅಂದ್ರ ಹೊಟ್ಟಿ ಹಿಡಕೊಂಡ ನಗತಾರ. ಕಲ್ಲ ಕೆತ್ತಾಂವ ನಾಳೆ ಬರಾಕತ್ತಾನ. ಹೆಸರ ಹಾಕಾಕ ಆಗೂದಿಲ್ರಿ."

"ಹೂಂ," ಎಂದಳು ರಾಜೇಶ್ವರಿ.

"ಸಿಟ್ಟಿಗೇಳಬ್ಯಾಡ್ರಿ ವೈನಿ."

"ಇಲ್ಲ. ಚಾ ಕುಡದ ಹೋಗ್ರಿ."

ಒಳಗಿನಿಂದ ಚನ್ನವ್ವನ ದನಿ ಬಂತು. "ಸೊಲ್ಲಾಪುರದ ಮಾತ ಮೊದಲ ಎತ್ತಿದಾಂವ ನಿಮ್ಮಪ್ಪನ ಅಲ್ಲೇನೋ ರೇವಣಪ್ಪ? ಈ ಮನಿ ಹುಗ್ಗಿ ಉಂಡ, ಕೈ ತೊಳ್ಯಾಕ ಹೋದಲ್ಲೇ ಅಂದಿದ್ದ!" ರೇವಣಪ್ಪ ಚಹಾದ ಮಾತು ಕೇಳದವನಂತೆ ಹೊರಟುಹೋದ.

ರಾಜೇಶ್ವರಿ ಬಾಗಿಲಲ್ಲೇ ನಿಂತಿದ್ದಳು. ಗಂಡನ ಒಂದು ಮಾತನ್ನು ತನ್ನಿಂದ ನಡೆಸಿಕೊಡಲಾಗಲಿಲ್ಲ. ಅಳಬೇಕು ಎನ್ನಿಸಿತು, ಆದರೆ ಅಳುವುದು ಹೇಗೆಂಬುದೇ ಮರೆತುಹೋಗಿತ್ತು. ಒಲೆಯ ಮೇಲೆ ಕಡಲೆಬೇಳೆ ಕುದ್ದು ಉಕ್ಕುವ ಸಪ್ಪಳ ಕೇಳಿ ಒಳಗೆ ಹೋದಳು.

ಚನ್ನವ್ವ ಹಿತ್ತಲ ಬಾಗಿಲ ಬಿಸಿಲಿನಲ್ಲಿ ಕೂತು ದೇವರುಗಳನ್ನು ತಿಕ್ಕುತ್ತಿದ್ದಳು. ಪರಾತದಲ್ಲಿ ವೀರಭದ್ರ, ಯಲ್ಲಮ್ಮ, ಬಸವಣ್ಣ ಎಲ್ಲರೂ ಹುಣಸೆಹುಳಿ ಬಳಿದುಕೊಂಡು ಅಡ್ಡಡ್ಡ ಮಲಗಿದ್ದರು. ರಾಜೇಶ್ವರಿ ಸೆರಗಿನ ಗಂಟು ಬಿಚ್ಚಿ ಬಿಲ್ಲೆಯನ್ನು ಅವರ ನಡುವೆ ಇಟ್ಟಳು. ಬಿಸಿಲಿಗೆ ಅದು ಬೇರೆ ಹಿತ್ತಾಳೆಗಿಂತ ಬೆಳ್ಳಗೆ ಕಂಡಿತು. ಮಾಸ್ತರರು ಹೇಳದಿದ್ದರೆ ಇಷ್ಟು ವರ್ಷದಲ್ಲಿ ಅವಳ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಎಲ್ಲಾ ಹಿತ್ತಾಳಿ ಅಂದ್ರಲ್ಲ ಅತ್ತಿ. ಇದೊಂದ ಯಾಕ ಇಷ್ಟ ಬೆಳ್ಳಗ ಐತಿ?"

ಚನ್ನವ್ವನ ಕೈ ನಿಂತಿತು. "ಲೋಹ ಕಡಿಮಿ ಬಿದ್ದಿತ್ತವಾ. ಸವದ ಸವದ ಹಗರ ಆಗಿತ್ತಲ್ಲ. 'ಏನರೆ ಕೂಡಸ್ರಿ ಯವ್ವಾ' ಅಂದ ಪತ್ತಾರ. ನಿಮ್ಮ ಮಾವ ಹೋಗಿ ಆಗಿನ್ನೂ ವರ್ಷಾ ತುಂಬಿದ್ದಿಲ್ಲ. ನನ್ನ ಕಾಲುಂಗುರ ತಗಸಿ ಕೈಯಾಗ ಕೊಟ್ಟಿದ್ರಲ್ಲ, ಬೆಳ್ಳಿವು. ಅವನ್ನ ಎಲ್ಲಿ ಇಡಬೇಕಂತ ತಿಳೀಲಾರದ ಸೆರಗಿನ್ಯಾಗ ಕಟಗೊಂಡ ಓಡ್ಯಾಡತಿದ್ನಿ. ಒಲೀ ಮುಂದ ಸೆರಗಿನ್ಯಾಗ, ಹೊಲಕ್ಕ ಹೋದ್ರ ಸೆರಗಿನ್ಯಾಗ. ಅವನ್ನ ಬಿಚ್ಚಿ ಪತ್ತಾರ ಕರಗಸೂ ಮೂಸಿಯೊಳಗ ಹಾಕಿಬಿಟ್ನಿ."

"ಎರಡೂ ಹಾಕಿದ್ರಿ?"

"ಎರಡೂ."

ರಾಜೇಶ್ವರಿ ತನ್ನ ಪಾದ ನೋಡಿಕೊಂಡಳು. ಬೆರಳ ಬುಡದಲ್ಲಿ ಉಂಗುರ ಇದ್ದಲ್ಲಿ ಚರ್ಮ ಇನ್ನೂ ಬಿಳುಪಾಗಿಯೇ ಇತ್ತು. ಎದ್ದು ಒಳಗೆ ಹೋದಳು. ಅಂಗಡಿಯಿಂದ ತಂದು ಮೂಲೆಗಿಟ್ಟಿದ್ದ ಗಂಡನ ನಟ್ಟು ಬೋಲ್ಟಿನ ಡಬ್ಬಿಯ ಮುಚ್ಚಳ ತೆಗೆದು, ತಳದಲ್ಲಿದ್ದ ತನ್ನ ಕಾಲುಂಗುರಗಳನ್ನು ಹುಡುಕಿ ತೆಗೆದಳು. ಆ ದಿನ ಯಾರೋ ಕೈಯಲ್ಲಿಟ್ಟಿದ್ದರು, ಎಲ್ಲಿಡುವುದೆಂದು ಹೊಳೆಯದೆ ಅದರಲ್ಲಿ ಹಾಕಿದ್ದಳು. ಅವಕ್ಕೆ ಗ್ರೀಸು ಮೆತ್ತಿತ್ತು, ಅವನ ಕೈಯ ವಾಸನೆಯೇ ಬಂದಂತಾಯಿತು. ತಂದು ಪರಾತದಲ್ಲಿ ಬಿಲ್ಲೆಯ ಪಕ್ಕ ಇಟ್ಟಳು.

ಚನ್ನವ್ವ ಅವುಗಳನ್ನು ನೋಡಿದಳು, ಸೊಸೆಯ ಮುಖ ನೋಡಿದಳು. ಉಂಗುರಗಳನ್ನು ಎತ್ತಿ ತನ್ನ ಸೀರೆಯ ಅಂಚಿಗೆ ಗ್ರೀಸು ಒರೆಸಿ ತಿರುಗಿ ಸೊಸೆಯ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು.

"ಈಗ ಬ್ಯಾಡ ನನ್ನವ್ವಾ. ಬಿಲ್ಲಿ ಇನ್ನಾ ಗಟ್ಟಿ ಐತಿ. ಮೊದಲ ಸವೀಲಿ. ಸವದು ಕಡಿಮಿ ಬೀಳಲಿ, ಆವಾಗ ಹಾಕೀಯಂತ."

ರಾಜೇಶ್ವರಿ ಹೂಂ ಎನ್ನಲಿಲ್ಲ. ಉಂಗುರಗಳನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು. ಒಳಗೆ ಜಗಲಿಯ ಮೇಲೆ ರುಮಾಲೂ ಮಡಿಕೆ ಬಿಚ್ಚದ ಹೊಸ ಅಂಗಿಯೂ ಕಾಯುತ್ತಿದ್ದವು. ಅವಳು ಬಿಲ್ಲೆಯನ್ನು ಕೈಗೆತ್ತಿಕೊಂಡು, ಹುಣಸೆಹುಳಿ ಹಚ್ಚಿ, ಕಿರೀಟದ ಮೇಲೆ ಹೆಬ್ಬೆರಳಿಟ್ಟು ತಿಕ್ಕತೊಡಗಿದಳು.

"ಇನ್ನೊಂದೀಟ ಜೋರಲೆ ತಿಕ್ಕವಾ," ಎಂದಳು ಚನ್ನವ್ವ.

ರಾಜೇಶ್ವರಿ ಜೋರಾಗಿ ತಿಕ್ಕಿದಳು.