ಪೂವಮ್ಮನ ಬಲೆ ಚೀಲ

“ಹಿಟ್ಟು ಮಾಡಿಸಿಕೊಂಡು ಬಂದಿದ್ದೀಯಲ್ಲ, ಹಿಟ್ಟು! ಇದರಲ್ಲಿ ರೊಟ್ಟಿ ತಟ್ಟಲಿಕ್ಕುಂಟಾ ನಿನಗೆ?”

ಐಸ್ ಪೆಟ್ಟಿಗೆಯ ನಲ್ಲಿಗೆ ಬಾಯಿಟ್ಟು ಊದಿ ಊದಿ ಮುಖ ಕೆಂಪಾಗಿದ್ದ ಚಿನ್ನಯ್ಯ ತಂಗಿಯ ಮೇಲೆ ರೇಗಿದ.

“ಹಾಗಾದರೆ ಮಿಲ್ಲಿಗೆ ನೀನೇ ಹೋಗಬೇಕಿತ್ತು,” ಪೂವಮ್ಮ ಸೌಟು ಹಿಡಿದ ಕೈಯನ್ನೇ ಸೊಂಟದ ಮೇಲಿಟ್ಟಳು. “ಹೊತ್ತುಕೊಂಡು ವೇಣೂರು ಪೇಟೆಗೆ ಹೋದವಳು ನಾನು. ಬೆಂಕಿ ಹಾಕುವವಳು ನಾನು. ಪಾತ್ರೆ ತಿಕ್ಕುವವಳು ನಾನು. ಬೈಸಿಕೊಳ್ಳುವವಳೂ ನಾನೇಯಾ?”

“ಬಿಯರ್ ಅಂದರೆ ಸಾರು ಕುದಿಸಿದ ಹಾಗಲ್ಲ ಮಾರಾಯ್ತಿ. ಮುಂಬಯಿಯಲ್ಲಿ ನಾನು ಹನ್ನೊಂದು ವರ್ಷ...”

“ಆ ಹನ್ನೊಂದು ವರ್ಷ ನಮ್ಮ ನಾಯಿಗೂ ಬಾಯಿಪಾಠ ಉಂಟು!”

ಬಚ್ಚಲ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತಿದ್ದ ಪೂವಮ್ಮನ ಗಂಡ ತುಕ್ರಪ್ಪ ನಗು ತಡೆಯಲಾರದೆ ಕೆಮ್ಮಿದ. ಭಾವ ತಿರುಗಿ ನೋಡಿದ್ದೇ ತಡ, ಎದ್ದು ಸೌದೆ ತರುವ ನೆವದಲ್ಲಿ ಹಿತ್ತಲಿಗೆ ನಡೆದ.

ಚಿನ್ನಯ್ಯ ಮುಂಬಯಿಯಲ್ಲಿ ಬಿಯರನ್ನು ಅಲ್ಲೇ ತಯಾರಿಸುವ ಒಂದು ಹೋಟೆಲಿನಲ್ಲಿ ದುಡಿದು ಎರಡು ವರ್ಷದ ಹಿಂದೆ ಊರಾದ ನಾರಾವಿಗೆ ಬಂದವ. ಅವನ ಹೆಂಡತಿ ಬಿಯರಿನ ಸಾಮಾನನ್ನು ಅಂಗಳಕ್ಕೂ ಬಿಡಲಿಲ್ಲ. ಹಾಗಾಗಿ ಅದೆಲ್ಲ ವೇಣೂರಿನ ತಂಗಿಯ ಮನೆಗೆ ಬಂತು. ಒಂದು ಪಾತ್ರೆ ನೀರು ಕಾಯಿಸಲಿಕ್ಕೆ. ತಳದಲ್ಲಿ ಜಾಲರಿ ಕೊಳವೆ ಇಟ್ಟ ಐಸ್ ಪೆಟ್ಟಿಗೆ, ಮಾಲ್ಟ್ ನೆನೆಸಲಿಕ್ಕೆ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದರ ರಸ ಕುದಿಸಲಿಕ್ಕೆ ಮೂರನೆಯ ಪಾತ್ರೆ. ನೆನೆದ ಕಾಳಿನ ಮೇಲೆ ಲೋಟ ಲೋಟವಾಗಿ ಬಿಸಿನೀರು ಹೊಯ್ಯಬೇಕು, ಕೆಳಗೆ ನಲ್ಲಿಯಲ್ಲಿ ನೂಲಿನಷ್ಟು ಸಪೂರಕ್ಕೆ ರಸ ಇಳಿಯಬೇಕು. ಕಾಳು ನುಣ್ಣಗಾದರೆ ಜಾಲರಿ ಕಟ್ಟುತ್ತದೆ. ಇವತ್ತು ಕಟ್ಟಿತ್ತು. ಬೆಳಿಗ್ಗೆ ಎಂಟಕ್ಕೆ ಶುರುವಾದ ಕೆಲಸ, ಮಧ್ಯಾಹ್ನ ಮೂರಾದರೂ ಪೆಟ್ಟಿಗೆಯಲ್ಲಿ ಗಂಜಿ ಗಂಜಿಯಾಗಿಯೇ ಇತ್ತು.

ನಿಜ ಹೇಳಬೇಕೆಂದರೆ ಪೂವಮ್ಮನಿಗೆ ಆ ಕೆಲಸದ ಮೇಲೆ ಮೊದಲ ದಿನವೇ ಆಸೆ ಹುಟ್ಟಿತ್ತು. ಬಿಸಿನೀರಿಗೆ ಬಿದ್ದ ಮಾಲ್ಟಿನ ಪರಿಮಳಕ್ಕೆ ಅವಳು ಒಲೆಯ ಮುಂದೆ ಸೌದೆ ಹಾಕುವುದನ್ನು ಮರೆತು ನಿಂತಿದ್ದಳು. ಒಂದು ಸಲ, ಒಂದೇ ಒಂದು ಸಲ, ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಬೇಕು ಎಂದು ಮನಸ್ಸು ತುಡಿಯುತ್ತಿತ್ತು. ಅಣ್ಣ ಸೌಟು ತಿರುಗಿಸಲಿಕ್ಕೂ ಬಿಡುತ್ತಿರಲಿಲ್ಲ. ಇವತ್ತು ಗಂಜಿ ಕಟ್ಟಿದ್ದಕ್ಕೆ ಅಂತ ಸೌಟು ಕೈಗೆ ಸಿಕ್ಕಿದ್ದು.

“ಮುಂದಿನ ಸಲ ನಾನು ಮಾಡ್ತೇನೆ,” ಎಂದಳು. “ಒಂದೇ ಪಾತ್ರೆಯಲ್ಲಿ.”

“ಒಂದೇ ಪಾತ್ರೆಯಲ್ಲಿ ಹೇಗೆ ಮಾಡ್ತೀ? ಮಂತ್ರ ಹಾಕಿ?”

“ಚೀಲದಲ್ಲಿ ಹಾಕಿ. ಪಾಯಸಕ್ಕೆ ಕಾಯಿಹಾಲು ಹಿಂಡುವುದಿಲ್ಲವಾ ಬಟ್ಟೆಯಲ್ಲಿ? ಹಾಗೆ. ನೀರಿಗೆ ಚೀಲ ಇಳಿಸುವುದು, ನೆನೆದ ಮೇಲೆ ಎತ್ತುವುದು, ಹಿಂಡುವುದು. ನಲ್ಲಿಯೂ ಬೇಡ, ಊದುವುದೂ ಬೇಡ.”

ಚಿನ್ನಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಬೆರಳೆತ್ತಿದ. “ಆಯಿತು. ಕೆಟ್ಟರೆ ನೀನು ಇನ್ನು ಈ ಸಾಮಾನು ಮುಟ್ಟಬಾರದು. ಬೆಂಕಿ ಹಾಕುವುದು, ಬಾಯಿ ಮುಚ್ಚುವುದು.”

“ಒಳ್ಳೆಯದಾದರೆ?”

“ಆದರೆ ಈ ಅಂಗಳದ ಬಿಯರ್ ಕೆಲಸ ಪೂರ್ತಿ ನಿನ್ನದು. ನಾನು ನೆಂಟನ ಹಾಗೆ ಬಂದು ಕುಡಿದು ಹೋಗ್ತೇನೆ.”

ಮರುದಿನವೇ ಪೂವಮ್ಮ ಪೇಟೆಯ ಸಾಲಿಹಾಳ ಬಟ್ಟೆ ಅಂಗಡಿಗೆ ಹೋಗಿ ಸೊಳ್ಳೆಪರದೆಯ ಬಲೆ ಮೂರು ಮೀಟರ್ ಕೇಳಿದಳು.

“ತೊಟ್ಟಿಲಿಗಾ ಪೂವಕ್ಕ? ಮನೆಯಲ್ಲಿ ಏನಾದರೂ ವಿಶೇಷ ಉಂಟಾ?” ಸಾಲಿಹಾ ಕಣ್ಣು ಮಿಟುಕಿಸಿದಳು.

“ಈ ಪ್ರಾಯದಲ್ಲಾ? ಸುಮ್ಮನೆ ಅಳತೆ ಮಾಡು ಮಾರಾಯ್ತಿ!”

ಎರಡು ಮಡಿಕೆ ಹೊಲಿಗೆ ಹಾಕಿ, ಬಾಯಿಗೆ ಲಾಡಿ ಪೋಣಿಸಿ, ಪಾತ್ರೆಯ ಅಂಚಿಗೆ ಮಡಚಿ ಕೂರುವ ಹಾಗೆ ಚೀಲ ಹೊಲಿದಳು. ಮಾಲ್ಟನ್ನು ಮಿಲ್ಲಿನಲ್ಲಿ ಬೇಕೆಂದೇ ಎರಡು ಸಲ ಬಿಡಿಸಿದಳು. ಚೀಲಕ್ಕೇನು, ನುಣ್ಣಗಾದಷ್ಟೂ ರಸ ಜಾಸ್ತಿ.

ಆ ಭಾನುವಾರ ಚಿನ್ನಯ್ಯ ಕುರ್ಚಿ ಎಳೆದುಕೊಂಡು ಅಂಗಳದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಪೂವಮ್ಮ ದೊಡ್ಡ ಪಾತ್ರೆಯ ತಳಕ್ಕೆ ಇಡ್ಲಿಯ ತೂತು ತಟ್ಟೆ ಇಟ್ಟು, ಚೀಲ ಇಳಿಸಿ, ನೀರು ಎಪ್ಪತ್ತು ಡಿಗ್ರಿಗೆ ಬಂದಾಗ ಐದು ಕಿಲೋ ಮಾಲ್ಟನ್ನು ಗಂಟು ಕಟ್ಟದ ಹಾಗೆ ಕದಡಿದಳು. ಅರವತ್ತಾರಕ್ಕೆ ಇಳಿಯಿತು. ಕೆಂಡ ಹೊರಗೆಳೆದು, ಪಾತ್ರೆಗೆ ಎರಡು ಕಂಬಳಿ ಸುತ್ತಿ, ಗಂಡನಿಗೆ ಹೇಳಿದಳು: “ಒಂದು ಗಂಟೆ ಹೀಗೇ ಇರಲಿ. ಮುಟ್ಟಬೇಡಿ. ನಾನು ದನಕ್ಕೆ ಹುಲ್ಲು ಹಾಕಿ ಬರ್ತೇನೆ.”

ತುಕ್ರಪ್ಪ ಊರಿನ ಮದುವೆ ಊಟಕ್ಕೆ ಅನ್ನ ಬೇಯಿಸುವವ. ಹತ್ತು ಮುಡಿ ಕುಚ್ಚಲಕ್ಕಿಯಾದರೂ ಒಂದು ಅಗುಳು ಹೆಚ್ಚು ಬೇಯದ ಹಾಗೆ, ಕಡಿಮೆಯೂ ಬೇಯದ ಹಾಗೆ ಇಳಿಸುವ ಕೈ. ಮುಕ್ಕಾಲು ಗಂಟೆ ತಡೆದುಕೊಂಡ. ಕಂಬಳಿ ಸರಿಸಿ ನೋಡಿದ. ಒಂದು ಗುಳ್ಳೆ ಇಲ್ಲ! ಕಾಳು ಬಾಯಿಗೆ ಹಾಕಿದರೆ ಹಲ್ಲಿಗೆ ಗಟ್ಟಿ. ಪಾಪ, ಹೆಂಡತಿ ಭಾವನ ಎದುರು ಸೋಲುತ್ತಾಳಲ್ಲ ಎಂದುಕೊಂಡ. ಕಂಬಳಿ ತೆಗೆದ, ಕುಚ್ಚಲಕ್ಕಿಗೆ ಹಾಕುವ ಹಾಗೆ ತೆಂಗಿನ ಗೆರಟೆ ತುಂಬಿಸಿ ಧಗಧಗ ಬೆಂಕಿ ಹಾಕಿದ. ಚಿನ್ನಯ್ಯ ಕುರ್ಚಿಯಿಂದ ಎಲ್ಲ ನೋಡುತ್ತಿದ್ದ. ತಡೆಯದೆ ಕಾಲು ಬದಲಿಸಿ ಹಾಕಿಕೊಂಡ.

ದನದ ಹಟ್ಟಿಯಿಂದಲೇ ಹೊಗೆ ಕಂಡ ಪೂವಮ್ಮ ಹುಲ್ಲಿನ ಹೊರೆ ಎಸೆದು ಓಡಿ ಬಂದಳು.

“ಎಂತ ಮಾಡಿದ್ರಿ ನೀವು!”

“ಬೇಯಲಿಲ್ಲ ಅದು...”

“ಬೇಯಲಿಕ್ಕೆ ಅದೇನು ಅನ್ನವಾ? ನಿಮ್ಮ ತಲೆ ಬೇಯಲಿಕ್ಕೆ ಇಡಬೇಕು!” ಗೆರಟೆಗಳನ್ನು ಕೋಲಿನಿಂದ ಹೊರಗೆಳೆದು, ಚೆಂಬು ನೀರು ಹೊಯ್ದು ಆರಿಸಿದಳು. ಥರ್ಮಾಮೀಟರ್ ಎಪ್ಪತ್ತಾರು ತೋರಿಸುತ್ತಿತ್ತು.

“ಮುಗಿಯಿತು ಪೂವು,” ಚಿನ್ನಯ್ಯ ಹಿತವಾಗಿ ಹೇಳಿದ. “ಅತಿ ಬಿಸಿ ಆದರೆ ಹಿಟ್ಟು ಹಿಟ್ಟಾಗಿಯೇ ಉಳಿಯುತ್ತದೆ, ಸಿಹಿ ಆಗುವುದಿಲ್ಲ. ಇಗೋ, ತೋರಿಸ್ತೇನೆ.” ಕಿಸೆಯಿಂದ ಅಯೋಡಿನ್ ಶೀಶೆ ತೆಗೆದ. ಪ್ರತಿ ಸಲ ಅವನೇ ಮಾಡುತ್ತಿದ್ದ ಪರೀಕ್ಷೆ: ಬಿಳಿ ಬಸಿಯಲ್ಲಿ ಒಂದು ಚಮಚ ರಸ, ಅದಕ್ಕೊಂದು ತೊಟ್ಟು. ಕಪ್ಪಾದರೆ ಹಿಟ್ಟು ಉಳಿದಿದೆ ಎಂದು ಲೆಕ್ಕ.

ತೊಟ್ಟು ಬಿತ್ತು. ಮೂವರೂ ಬಗ್ಗಿದರು. ಕಂದಾಗಿ ಬಿದ್ದದ್ದು ಕಂದಾಗಿಯೇ ಉಳಿಯಿತು.

ಚಿನ್ನಯ್ಯ ಇನ್ನೊಂದು ತೊಟ್ಟು ಹಾಕಿದ. ಮತ್ತೂ ಒಂದು.

“ಶೀಶೆ ಪೂರ್ತಿ ಬಗ್ಗಿಸು ಅಣ್ಣ,” ಎಂದಳು ಪೂವಮ್ಮ. “ಗಾಯ ಎಲ್ಲಿ ಆಗಿದೆ ಅಂತ ನನಗೂ ಗೊತ್ತಾಗಲಿ.”

ಮುಕ್ಕಾಲು ಗಂಟೆಯಲ್ಲೇ ಕಾಳು ತನ್ನ ಕೆಲಸ ಮುಗಿಸಿತ್ತು. ರಸ ಸಲೀಸಾಗಿ ಇಳಿಯಲಿಕ್ಕೆ ಕಡೆಗೆ ಕೊಡಬೇಕಾದ ಹೆಚ್ಚಿನ ಕಾವಿಗೆ ಗಂಡ ಹಾಕಿದ ಬೆಂಕಿ ಸರಿಯಾಗಿ ಒದಗಿತ್ತು. ಚೀಲಕ್ಕೆ ಹಗ್ಗ ಕಟ್ಟಿ, ಜಂತಿಗೆ ಬಿಗಿದ ಬಾವಿ ರಾಟೆಗೆ ಹಾಕಿ ಗಂಡ ಹೆಂಡತಿ ಎಳೆದರು. ಚೀಲ ಎದ್ದಿತು, ತೊಟ್ಟಿಕ್ಕಿತು. ಎರಡು ಪಾತ್ರೆ ಮುಚ್ಚಳಗಳ ನಡುವೆ ಒತ್ತಿ ಹಿಂಡಿದಾಗ ಜೇನಿನ ಬಣ್ಣದ ರಸ ಧಾರೆಯಾಗಿ ಇಳಿಯಿತು. ಅದನ್ನೇ ಅದೇ ಪಾತ್ರೆಯಲ್ಲಿ ಒಂದು ಗಂಟೆ ಕುದಿಸಿ, ಕಹಿಗೆ ಹಾಪ್ಸ್ ಹೂವು ಹಾಕಿ ಆರಿಸಿದರು. ಡ್ರಮ್ಮಿಗೆ ಹೊಯ್ದು, ಯೀಸ್ಟ್ ಉದುರಿಸಿ ಮುಚ್ಚಿಡುವಾಗ ಗಂಟೆ ಹನ್ನೆರಡೂವರೆ. ಹಿಂಡಿ ಉಳಿದದ್ದು ದನಕ್ಕೆ. ತಿಕ್ಕಲಿಕ್ಕೆ ಒಂದೇ ಪಾತ್ರೆ!

ತಂಪಿಗೆಂದು ಡ್ರಮ್ಮಿಗೆ ಒದ್ದೆ ಗೋಣಿ ಸುತ್ತಿ ಎರಡು ವಾರ, ಬಾಟಲಿಯಲ್ಲಿ ಇನ್ನೆರಡು ವಾರ. ಆ ದಿನಗಳಲ್ಲಿ ಪೂವಮ್ಮ ಗೋಣಿಗೆ ನೀರು ಚಿಮುಕಿಸಿದಷ್ಟು ತನ್ನ ಮಲ್ಲಿಗೆ ಗಿಡಕ್ಕೂ ಚಿಮುಕಿಸಲಿಲ್ಲ.

ತೀರ್ಪು ಹೇಳಲಿಕ್ಕೆ ಕರೆದದ್ದು ಪಕ್ಕದ ಮನೆಯ ಧರ್ಣಪ್ಪನನ್ನು. ಮೂವತ್ತು ವರ್ಷ ಮರ ಹತ್ತಿ ಕಳ್ಳು ಇಳಿಸಿದವ. ಮೂಗಿಗೆ ಹಿಡಿದೇ ಹುಳಿ ಎಷ್ಟು ಎಂದು ಹೇಳುವವ. ಊಟಕ್ಕೆ ಮೊದಲು ನಾಲ್ವರೂ ಚಾವಡಿಯಲ್ಲಿ ಕೂತರು. ಪೂವಮ್ಮ ಬಾಟಲಿ ತೆರೆದಾಗ ‘ಟುಸ್’ ಎಂದಿತು. ಆ ಸದ್ದಿಗೇ ತುಕ್ರಪ್ಪ ಚಪ್ಪಾಳೆ ತಟ್ಟಿದ.

ಧರ್ಣಪ್ಪ ಗ್ಲಾಸನ್ನು ಬೆಳಕಿಗೆ ಹಿಡಿದ. ಮೂಸಿದ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ಕೂತ.

“ಇದು ಕಳ್ಳಲ್ಲ,” ಎಂದ.

“ಕಳ್ಳು ಅಂತ ಯಾರು ಹೇಳಿದ್ದು ಮಾರಾಯ? ಹೇಗುಂಟು ಹೇಳು!”

“ಹೇಳುವುದಕ್ಕೆ ಇನ್ನೊಂದು ಗ್ಲಾಸ್ ಬೇಕಾಗ್ತದೆ ಪೂವಕ್ಕ. ಇದು ಮುಗಿಯಿತು.”

ಚಾವಡಿ ನಗುವಿನಲ್ಲಿ ತುಂಬಿಹೋಯಿತು. ತುಕ್ರಪ್ಪನಂತೂ “ಬೆಂಕಿ ನನ್ನದು, ಬೆಂಕಿ ನನ್ನದು” ಎಂದು ತೊಡೆ ತಟ್ಟಿಕೊಂಡ. ಪೂವಮ್ಮ ಮೊದಲ ಗುಟುಕಿಗೆ ಮೂಗಿನ ತುದಿಗೆ ನೊರೆ ಹಚ್ಚಿಕೊಂಡು, ಒರೆಸುವುದನ್ನೂ ಮರೆತು ಅಣ್ಣನನ್ನು ನೋಡಿದಳು.

ಚಿನ್ನಯ್ಯ ನಿಧಾನವಾಗಿ ಕುಡಿದ. ಪೂರ್ತಿ ಕುಡಿದ. ಗ್ಲಾಸನ್ನು ನೆಲಕ್ಕಿಟ್ಟು ಕೇಳಿದ.

“ಚೀಲವನ್ನು ಎಷ್ಟು ಹೊತ್ತು ನೇತು ಹಾಕಿದ್ದಿ?”

“ನೀನು ಅಲ್ಲೇ ಇದ್ದೆಯಲ್ಲ ಅಣ್ಣ.”

“ನಾನು ಆಚೆ ನೋಡ್ತಾ ಇದ್ದೆ.”

“ಹದಿನೈದು ನಿಮಿಷ.”

ಅವನು ತಲೆಯಾಡಿಸಿದ. ಎದ್ದು ಪಂಚೆ ಕೊಡವಿದ. “ಒಂದು ಫೋನ್ ಮಾಡ್ಲಿಕ್ಕುಂಟು. ಇಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ರಸ್ತೆವರೆಗೆ ಹೋಗಿ ಬರ್ತೇನೆ.”

“ಕೋಳಿ ಸಾರು ಆರ್ತದೆ, ಬೇಗ ಬಾ.”

“ಈಗ ಬಂದೆ.”

ಮೆಟ್ಟಿಲಿಳಿದು, ಚಪ್ಪಲಿ ಹಾಕಿಕೊಂಡು, ಹಿಂದೆ ತಿರುಗಿ ನೋಡದೆ ನಡೆದ. ಪೂವಮ್ಮ ಅವನಿಗೂ ಎಲೆ ಹಾಕಿ ಬಡಿಸಿದಳು. ಸ್ವಲ್ಪ ಹೊತ್ತಿಗೆ ಅವನ ಊರಿಗೆ ಹೋಗುವ ನಾರಾವಿ ಬಸ್ಸು ಹಾರನ್ ಹೊಡೆದು ನಿಂತು ಹೊರಟದ್ದು ಮೂವರಿಗೂ ಕೇಳಿತು.

ಧರ್ಣಪ್ಪ ಕೇಳಿದ, “ಅವನನ್ನು ವಾಪಸು ಕರೆಯಬೇಕಾ?”

“ಬೇಡ,” ಎಂದಳು ಪೂವಮ್ಮ, ಅಣ್ಣನ ಎಲೆಗೆ ಬಡಿಸಿದ್ದ ಕೋಳಿಯ ತೊಡೆಯನ್ನು ಎತ್ತಿ ತನ್ನ ಎಲೆಗೆ ಹಾಕಿಕೊಳ್ಳುತ್ತ.