ದಾರ ಕಟ್ಟಿದ ಡಿಸ್ಕುಗಳು

ಸ್ಪಾಸ್ಕಾಗೆ ತಲೆ ಕೆಟ್ಟು ಕೆರ ಹಿಡಿದಿತ್ತು. ಪರದೆಯ ಮೇಲೆ ಖಾಲಿ ಡಿಸ್ಕುಗಳು ಎಂಟು ಎಂದು ಕಾಣುತ್ತಿತ್ತು. ಇರಬೇಕಾದದ್ದು ನಾಲ್ಕೇ.

ಆಸ್ಪತ್ರೆಯ ಎರಡು ಸರ್ವರ್‌ಗಳು ಒಂದೇ ಕಪಾಟಿನ ಡಿಸ್ಕುಗಳನ್ನು ಬಳಸುತ್ತಿದ್ದವು, ಓರಗಿತ್ತಿಯರು ಒಂದೇ ಉಗ್ರಾಣ ಬಳಸುವ ಹಾಗೆ. ಯಾವ ಡಿಸ್ಕು ಯಾವ ಗುಂಪಿನದು ಎಂಬುದು ಇವನ್ನೆಲ್ಲ ಮೊದಲು ನೋಡಿಕೊಳ್ಳುತ್ತಿದ್ದ ನೈಡೆನ್ ಮುದುಕನ ತಲೆಯಲ್ಲಿತ್ತು. ಆ ತಲೆಯೋ ಮಾರ್ಚ್ ಮಧ್ಯದಲ್ಲಿ ನಿವೃತ್ತಿಯಾಗಿ, ಫೋನು ಸಿಗದ ಬೆಟ್ಟದಲ್ಲಿ ಕುರಿ ಮೇಯಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಒಂದು ಸರ್ವರ್ ನಿಲ್ಲಿಸಿ, ಇನ್ನೊಂದಕ್ಕೆ ಹೊಸ ತಂತ್ರಾಂಶ ಹಾಕಿದ್ದಾಯಿತು. ನಿಲ್ಲಿಸಿದ್ದು ಮತ್ತೆ ಏಳಲೊಲ್ಲದು. ಹೊಸದಕ್ಕೆ ಹಳೆಯ ಗುಂಪಿನ ಗುರುತು ಓದಲು ಬಾರದು, ಅದಕ್ಕೇ ಎಂಟೂ ಖಾಲಿ ಎನ್ನುತ್ತಿತ್ತು. ಮೊದಲು ನಾಲ್ಕು ಖಾಲಿ ಡಿಸ್ಕು ಆರಿಸಿ ತನಗೊಂದು ಗುಂಪು ಕಟ್ಟಿಕೊಡು, ಆಮೇಲೆ ಓದುತ್ತೇನೆ ಎಂದು ಅದರ ಹಟ. ಆರಿಸಿದವುಗಳಲ್ಲಿ ಇದ್ದದ್ದೆಲ್ಲ ಅಳಿದುಹೋಗುತ್ತದೆ. ಎಂಟರ ಪೈಕಿ ನಾಲ್ಕರಲ್ಲಿ ಹನ್ನೊಂದು ವರ್ಷದ ಎಕ್ಸ್‌ರೇಗಳಿದ್ದವು, ಬೇರೆ ನಕಲಿರಲಿಲ್ಲ.

ಅವುಗಳಲ್ಲಿ ಸ್ಪಾಸ್ಕಾಳ ತಾಯಿಯದೂ ಒಂದು. ಶ್ವಾಸಕೋಶದಲ್ಲಿ ಚುಕ್ಕೆ, ಸೋಮವಾರ ಶಸ್ತ್ರಚಿಕಿತ್ಸೆ. ಆರು ವರ್ಷದ ಹಿಂದಿನ ಚಿತ್ರದಲ್ಲೂ ಆ ಚುಕ್ಕೆ ಇದ್ದರೆ ಕೊಯ್ಯುವುದು ಬೇಡ ಎಂದಿದ್ದರು ಡಾಕ್ಟರ್ ಹ್ರಿಸ್ತೋಜೋವಾ.

"ಮುದುಕ ಹೋಗೋವಾಗ ಏನೋ ಹೇಳಿದ್ನಲ್ಲ?" ಎಂದ ಜೊತೆಯಲ್ಲಿ ಕೆಲಸ ಮಾಡುವ ಕ್ರುಮ್.

"ಡಿಸ್ಕಿಗೆ ಮಾರ್ತೆನಿತ್ಸ ಕಟ್ಟಿದೀನಿ, ನೋಡ್ಕೋ ಮಗಳೇ ಅಂದ. ಅಷ್ಟೇ."

ಇಬ್ಬರೂ ಕಪಾಟಿನ ಬಾಗಿಲು ತೆರೆದರು. ಮಾರ್ಚ್ ಒಂದಕ್ಕೆ ಎಲ್ಲರೂ ಕಟ್ಟುವ ಆ ಕೆಂಪು-ಬಿಳಿ ದಾರ ಒಂದೂ ಇಲ್ಲ.

"ನಾನೇ ಬಿಚ್ಚಿದ್ದು," ಎಂದಳು ಕಸ ಗುಡಿಸುತ್ತಿದ್ದ ಟಿಂಕಾ ಚಿಕ್ಕಮ್ಮ, ಏನೋ ಉಪಕಾರ ಮಾಡಿದವಳಂತೆ. "ಕೊಕ್ಕರೆ ಕಂಡ್ ಕೂಡ್ಲೇ ಬಿಚ್ಬೇಕು, ಅವು ಬಂದ್ ಹದಿನೈದು ದಿನ ಆಯ್ತು. ಇನ್ನೂ ಕಟ್ಕೊಂಡಿದ್ರೆ ಚೆನ್ನಾಗಿರತ್ತಾ? ಎಲ್ಲಾ ತಗೊಂಡೋಗಿ ಅಂಗಳದ ಪ್ಲಮ್ ಮರಕ್ಕೆ ಕಟ್ಟಿದೆ."

"ಯಾವ್ ಡಿಸ್ಕಿಂದ ಬಿಚ್ಚಿದೆ, ಚಿಕ್ಕಮ್ಮ?"

"ನನಗೇನ್ ಗೊತ್ತು, ಎಲ್ಲಾ ಒಂದೇ ಥರ ಇವೆ. ಒದ್ದೆ ಬಟ್ಟೇಲಿ ಒರೆಸಿ ಬಿಚ್ಚಿದೆ ನೋಡು."

ಒದ್ದೆ ಬಟ್ಟೆ! ಸ್ಪಾಸ್ಕಾ ಟಾರ್ಚು ಹಿಡಿದು ಬಗ್ಗಿದಳು. ಅಗ್ಗದ ದಾರ ಬಣ್ಣ ಬಿಟ್ಟಿತ್ತು. ನಾಲ್ಕು ಡಿಸ್ಕುಗಳ ಹಿಡಿಕೆಗಳ ಮೇಲೆ ನಸುಗೆಂಪು ಕಲೆ. ಅವಳ ಖುಷಿ ಅರ್ಧ ನಿಮಿಷವೂ ಉಳಿಯಲಿಲ್ಲ.

"ಇವೇ ಖಾಲಿ. ತಗೋ ಅಂತ ತಾನೇ ಗುರುತು ಹಾಕಿರೋದು?" ಎಂದ ಕ್ರುಮ್.

"ಮುಟ್ಬೇಡ ಅಂತ ಹಾಕಿದ್ರೆ?"

"ಹಾಗಾದ್ರೆ ನಾಣ್ಯ ಚಿಮ್ಮು."

"ನಿಮ್ಮಮ್ಮಂದಾಗಿದ್ರೆ ಚಿಮ್ತಿದ್ಯೇನೋ?"

ಸ್ಪಾಸ್ಕಾಗೆ ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಮುದುಕನನ್ನು ಮನಸ್ಸಿನಲ್ಲೇ ಹಿಗ್ಗಾಮುಗ್ಗಾ ಬೈದಳು. ಮೌಸ್ ಹಿಡಿದ ಕೈಯನ್ನೇ ನೋಡುತ್ತ ಕುಳಿತಳು. ಮಣಿಕಟ್ಟಿನಲ್ಲಿ ಅವಳದೇ ಮಾರ್ತೆನಿತ್ಸ ಇನ್ನೂ ಇತ್ತು. ಈ ಕಿಟಕಿಯಿಲ್ಲದ ಕೋಣೆಯಲ್ಲಿ ಕೊಕ್ಕರೆ ಕಾಣುವುದೆಲ್ಲಿ ಬಂತು? ಮಾರ್ಚ್ ಒಂದಕ್ಕೆ ಅಮ್ಮ ಕೆಮ್ಮುತ್ತಲೇ ಕಟ್ಟಿದ್ದು. ಅಮ್ಮ ಅವಳಿಗೆ ಕಟ್ಟಿದಳು, ಆಗ ತಾನೇ ಹುಟ್ಟಿದ ಕುರಿಮರಿಗೆ ಕಟ್ಟಿದಳು, ಎಳೆಯ ಸೇಬಿನ ಗಿಡಕ್ಕೂ ಕಟ್ಟಿದಳು. ಚೆನ್ನಾಗಿರಲಿ ಎಂದು ಕಟ್ಟುವ ದಾರ ಅದು. ಖಾಲಿ ಕೊಟ್ಟಿಗೆಗೆ ಯಾರೂ ಕಟ್ಟುವುದಿಲ್ಲ.

ಕಲೆಯಿಲ್ಲದ ನಾಲ್ಕನ್ನು ಆರಿಸಿ, ಕಣ್ಣು ಮುಚ್ಚಿಕೊಂಡು ಒತ್ತಿದಳು.

ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಹಳೆಯ ಗುಂಪು ತನ್ನ ಹೆಸರಿನೊಂದಿಗೆ ಎದ್ದು ಬಂತು. ಮೂರು ಗಂಟೆಗೆ ಡಾಕ್ಟರ್ ಫೋನ್ ಮಾಡಿದರು: "ಅದೇ ಜಾಗ, ಅಷ್ಟೇ ಗಾತ್ರ. ಸೋಮವಾರ ಅಮ್ಮನ್ನ ಕರ್ಕೊಂಡ್ ಬರ್ಬೇಡಿ."

ಸ್ಪಾಸ್ಕಾ ನೆಲದ ಮೇಲೆ ಕುಳಿತು ಗಳಗಳ ಅತ್ತಳು. ಅತ್ತು ಮುಗಿದ ಮೇಲೆ ಮಣಿಕಟ್ಟಿನ ದಾರ ಬಿಚ್ಚಿ ಕಲೆಯಿದ್ದ ಒಂದು ಹಿಡಿಕೆಗೆ ಕಟ್ಟಿದಳು.

"ಅಯ್ಯೋ, ಈಗ ಕಟ್ತೀಯಲ್ಲೇ! ಕೊಕ್ಕರೆ ಬಂದಾಯ್ತು ಅಂದೆನಲ್ಲ," ಎಂದಳು ಟಿಂಕಾ.

"ಇಲ್ಲಿಗೆ ಬಂದಿಲ್ಲ ಚಿಕ್ಕಮ್ಮ. ಇದನ್ನ ಮಾತ್ರ ಬಿಚ್ಬೇಡ."